ಮೇಲ್ಗಾಳಿ ಎಂದ ಒಂದು ಮಾತು

ಬೆಳಗಿನ ಆರು ಗಂಟೆಗೆ ಇನ್ನೂ ಕಾಲು ಗಂಟೆ ಇದೆ. ಮಾರತ್ತಹಳ್ಳಿಯ ಪಕ್ಕ, ವಿಮಾನಗಳು ಇಳಿಯುವ ಬಯಲಿನ ಅಂಚಿನಲ್ಲಿ ಒಂದು ತಗಡಿನ ಶೆಡ್ಡು. ಅದರ ಮುಂದೆ ಕಂಬಳಿ ಹೊದ್ದ ಒಬ್ಬರು ಎರಡೂ ಕೈಯಲ್ಲಿ ಬಿಳಿಯ ಬುಗ್ಗೆಯೊಂದನ್ನು ತಬ್ಬಿ ಹಿಡಿದು ನಿಂತಿದ್ದಾರೆ. ಮಕ್ಕಳು ಆಡುವ ಬುಗ್ಗೆಯಲ್ಲ. ರಾಗಿ ತುಂಬಿಡುವ ಗುಡಾಣದಷ್ಟು ದೊಡ್ಡದು. ಅವರು ಕತ್ತೆತ್ತಿ ಆಕಾಶ ನೋಡುತ್ತಾರೆ, ಬುಗ್ಗೆಯ ಬಾಯಿಗೆ ಬಿಗಿದ ದಾರವನ್ನು ಬೆರಳಿನಿಂದ ಇನ್ನೊಮ್ಮೆ ತಡವಿ ನೋಡುತ್ತಾರೆ, "ಬಿಟ್ಟೇ!" ಎಂದು ಕೂಗಿ ಕೈ ಸಡಿಲಿಸುತ್ತಾರೆ. ಮರುಕ್ಷಣವೇ ಓಡಿ ಹೋಗಿ, ಮೂರು ಕಾಲಿನ ಮೇಲೆ ಕೂರಿಸಿದ ದುರ್ಬೀನಿಗೆ ಕಣ್ಣು ಹಚ್ಚುತ್ತಾರೆ.

ಇವರು ಮುನಿಆಂಜನಪ್ಪ. ಸುತ್ತಮುತ್ತಲ ಹಳ್ಳಿಯವರಿಗೆ ಬುಗ್ಗೆ ಆಂಜನಪ್ಪ. ವಯಸ್ಸು ಕೇಳಿದರೆ, "ದೊಡ್ಡ ಜ್ವರ ಬಂದ ವರ್ಷ ನಂಗೆ ಮೀಸೆ ಬಂದಿತ್ತು ಸ್ವಾಮಿ, ನೀವೇ ಲೆಕ್ಕ ಹಾಕ್ಕೊಳ್ಳಿ" ಎನ್ನುತ್ತಾರೆ. ಲೆಕ್ಕ ಹಾಕಿದರೆ ಐವತ್ತರ ಹತ್ತಿರ ಬರುತ್ತದೆ.

ನಾನು ಏಳು ಗಂಟೆಯ ಒಳಗೆ ಹಾಸಿಗೆ ಬಿಡುವ ಪೈಕಿಯಲ್ಲ. ಈ ಡಿಸೆಂಬರಿನ ಚಳಿಯಲ್ಲಿ ಹಲಸೂರಿನಿಂದ ಸೈಕಲ್ಲು ತುಳಿದು ಬರುವಷ್ಟರಲ್ಲಿ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವಂತಾಗಿದೆ. ಪುರವಣಿಯ ಸಂಪಾದಕರು "ಬುಗ್ಗೆ ಹಾರಿಸಿ ಸಂಬಳ ತೆಗೆದುಕೊಳ್ಳುವವನೊಬ್ಬನಿದ್ದಾನಂತೆ, ಹೋಗಿ ನೋಡಿ" ಎಂದಾಗ ನನಗೂ ನಗು ಬಂದಿತ್ತು. ಒಂದು ಪುಟದಷ್ಟು ತಮಾಷೆಯಾಗಿ ಬರೆದುಕೊಟ್ಟರಾಯಿತು ಎಂದುಕೊಂಡೇ ಬಂದವನು ನಾನು. ಆ ಬರಹ ಇದಲ್ಲ.

ಬುಗ್ಗೆ ಏರುತ್ತಿದೆ. ಮುನಿಆಂಜನಪ್ಪನವರ ಬೆನ್ನ ಹಿಂದೆ ಮುಕ್ಕಾಲಿಯ ಮೇಲೆ ಕೂತ ಬಷೀರ್ ಸಾಹೇಬರು ಗಡಿಯಾರ ನೋಡುತ್ತ ನಿಮಿಷಕ್ಕೊಮ್ಮೆ "ಟೈಮ್!" ಎನ್ನುತ್ತಾರೆ. ಬಷೀರ್ ಸಾಹೇಬರು ಬ್ಲ್ಯಾಕ್‌ಪಲ್ಲಿಯವರು, ಮೊದಲು ಪಲ್ಟನ್ನಿನಲ್ಲಿ ಗುಮಾಸ್ತರಾಗಿದ್ದವರು. ಅವರು "ಟೈಮ್" ಎಂದ ಕೂಡಲೇ ಇವರು ದುರ್ಬೀನಿನ ಪಕ್ಕದ ಎರಡು ತಟ್ಟೆಗಳ ಮೇಲಿನ ಅಂಕಿಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳುತ್ತಾರೆ. ಬುಗ್ಗೆ ಎಷ್ಟು ಎತ್ತರಕ್ಕೆ ಕಾಣುತ್ತಿದೆ, ಯಾವ ದಿಕ್ಕಿಗೆ ಕಾಣುತ್ತಿದೆ, ಅಷ್ಟೇ. ಬಷೀರ್ ಸಾಹೇಬರು ಅದನ್ನು ತಿರುಗಿ ಹೇಳಿ ಬರೆದುಕೊಳ್ಳುತ್ತಾರೆ. ಇಷ್ಟು ನನಗೆ ಅರ್ಥವಾಗುತ್ತದೆ. ಆದರೆ ನಡುನಡುವೆ ಇವರು ಇನ್ನೊಂದು ಕೂಗು ಹಾಕುತ್ತಾರೆ.

"ವೈಟ್‌ಫೀಲ್ಡ್ ಗಾಳಿ! ಎರಡು ಸಾವಿರದ ತನಕ ವೈಟ್‌ಫೀಲ್ಡ್."

"ವೈಟ್‌ಫೀಲ್ಡ್," ಎಂದು ಬಷೀರ್ ಸಾಹೇಬರು ಅಷ್ಟೇ ಜೋರಾಗಿ ಒಪ್ಪಿಸುತ್ತಾರೆ.

"ಈಗ ಕೃಷ್ಣರಾಜಪುರ ಗಾಳಿಗೆ ತಿರುಗ್ತಾ ಐತೆ."

"ಕೃಷ್ಣರಾಜಪುರ, ಲಿಖ್ ದಿಯಾ, ಬರೆದಾಯ್ತು."

ಈ ಶೆಡ್ಡಿನಲ್ಲಿ ಮೂಡಣ ಪಡುವಣ ಎಂದು ಯಾರೂ ಅನ್ನುವುದಿಲ್ಲ. ಮೂಡಣದಿಂದ ಬೀಸಿದರೆ ವೈಟ್‌ಫೀಲ್ಡ್ ಗಾಳಿ. ಪಡುವಣದಿಂದ ಬೀಸಿದರೆ ಹಲಸೂರು ಗಾಳಿ. ಬಡಗಣದ್ದು ಕೃಷ್ಣರಾಜಪುರ, ತೆಂಕಣದ್ದು ಬೆಳ್ಳಂದೂರು. ಅಂಕಿಗಳ ಜೊತೆಗೆ ಊರಿನ ಹೆಸರನ್ನೂ ಕೂಗಬೇಕು, ಕೇಳಿದವನು ಊರಿನ ಹೆಸರನ್ನು ತಿರುಗಿ ಹೇಳಬೇಕು, ಆಮೇಲೆ ಕಾಗದದ ಮೇಲೆ ಇಂಗ್ಲಿಷಿನ ದಿಕ್ಕು. ಹೊಸದಾಗಿ ಯಾರೇ ಕೆಲಸಕ್ಕೆ ಬಂದರೂ ಮುನಿಆಂಜನಪ್ಪ ಮೊದಲು ಅವರನ್ನು ಶೆಡ್ಡಿನ ಮುಂದೆ ನಿಲ್ಲಿಸಿ ನಾಲ್ಕು ದಿಕ್ಕಿಗೂ ಕೈ ತೋರಿಸಿ ಈ ಪಾಠ ಒಪ್ಪಿಸಿಕೊಳ್ಳುತ್ತಾರೆ.

ಮೂವತ್ತೆಂಟನೇ ನಿಮಿಷಕ್ಕೆ ಬುಗ್ಗೆ ಕಣ್ಣಿಗೆ ಸಿಗದಾಗುತ್ತದೆ. ಮುನಿಆಂಜನಪ್ಪ ದುರ್ಬೀನಿನಿಂದ ಮುಖ ಎತ್ತಿ ಕಣ್ಣೊರೆಸಿಕೊಳ್ಳುತ್ತಾರೆ. ಬಲಗಣ್ಣಿನಲ್ಲಿ ನೀರು ನಿಲ್ಲುವುದೇ ಇಲ್ಲ. ಬಷೀರ್ ಸಾಹೇಬರು ಅಳತೆಪಟ್ಟಿ, ಕೋಷ್ಟಕ ಹಿಡಿದು ಲೆಕ್ಕಕ್ಕೆ ಕೂರುತ್ತಾರೆ. ಅರ್ಧ ಗಂಟೆಯಲ್ಲಿ ಸಾವಿರ ಸಾವಿರ ಅಡಿಗೊಂದು ಗಾಳಿಯ ದಿಕ್ಕು, ವೇಗ ಸಿದ್ಧವಾಗಿ ತಂತಿಯ ಮೇಲೆ ಹೊರಡುತ್ತದೆ.

ಯಾರಿಗೆ ಇದೆಲ್ಲ? ಶೆಡ್ಡಿನ ಹಿಂದೆ ಕಲ್ಲು ಒಲೆಯ ಮೇಲೆ ಚಹಾ ಕಾಯಿಸುತ್ತ ಮುನಿಆಂಜನಪ್ಪ ನನಗೆ ಬಿಡಿಸಿ ಹೇಳುತ್ತಾರೆ. "ನೆಲದ ಮೇಲೆ ಹೋಗೋ ಇಮಾನಕ್ಕೆ ದಾರಿ ಕಾಣ್ತದೆ ಸ್ವಾಮಿ. ರೈಲು ಕಂಬಿ ಐತೆ, ಕೆರೆ ಐತೆ, ಗುಡ್ಡ ಐತೆ. ಸಮುದ್ರದ ಮೇಲೆ ಏನೈತೆ? ಕೆಳಗೂ ನೀಲಿ, ಮೇಲೂ ನೀಲಿ. ಕೇಳೋಣ ಅಂದ್ರೆ ಒಬ್ಬ ದಾರಿಹೋಕ ಇಲ್ಲ. ಇಂಥಾ ದಿಕ್ಕಿಗೆ ಮೂತಿ ಇಟ್ಟು, ಗಂಟೆಗೆ ಇಷ್ಟು ಮೈಲಿ ಅಂತ ಹೊರಟ್ರೆ ಇಷ್ಟು ಗಂಟೆಗೆ ಇಂಥಾ ಕಡೆ ಇರ್ತೀವಿ ಅಂತ ಕಾಗದದ ಮೇಲೆ ಗೆರೆ ಹಾಕ್ಕೊಂಡು ಹೋಗ್ತಾರೆ. ಆದ್ರೆ ಗಾಳಿ ಸುಮ್ನಿರ್ತದಾ? ಪಕ್ಕದಿಂದ ತಳ್ತಾ ಇರ್ತದೆ. ಹರಿಗೋಲಿನೋನು ಸೆಳವು ನೋಡ್ಕೊಂಡು ಓರೆಯಾಗಿ ಹುಟ್ಟು ಹಾಕಲ್ವಾ, ಹಂಗೆ ಇವರೂ ಮೂತೀನ ಓರೆ ಮಾಡ್ಬೇಕು. ಎಷ್ಟು ಓರೆ? ಅದನ್ನ ಹೇಳೋರು ನಾವು."

ಈಗ ಆಕಾಶದಲ್ಲಿ ದಟ್ಟಣೆಯೂ ಜಾಸ್ತಿಯಾಗಿದೆ. ಯುದ್ಧ ಮುಗಿದ ಮೇಲೆ ಸಿಂಹಳಕ್ಕೆ, ರಂಗೂನಿಗೆ, ಅದರಾಚೆಗೆ ಹೋಗುವ ಬರುವ ವಿಮಾನಗಳು ಹೆಚ್ಚಿವೆ. ಸಮುದ್ರದ ಮೇಲೆ ಒಂದು ಇನ್ನೊಂದಕ್ಕೆ ಕಾಣದೆ ಎದುರಾಗಬಾರದಲ್ಲ, ಅದಕ್ಕಾಗಿ ಹೋಗುವವನಿಗೆ ಒಂದು ಎತ್ತರ, ಬರುವವನಿಗೆ ಇನ್ನೊಂದು ಎತ್ತರ ಎಂದು ಮೊದಲೇ ಹಂಚಿಕೊಡುತ್ತಾರೆ. "ಅಟ್ಟ ಇದ್ದಂಗೆ ಸ್ವಾಮಿ, ಒಬ್ಬೊಬ್ಬನಿಗೆ ಒಂದೊಂದು ಅಟ್ಟ. ಒಂದೊಂದು ಅಟ್ಟದಾಗೂ ಗಾಳಿ ಬೇರೆ. ಕೆಳಗೆ ಎದುರಿಗೆ ಬೀಸೋದು ಮೇಲೆ ಬೆನ್ನಿಗೆ ಬೀಸಬಹುದು. ಬೆನ್ನಿಗೆ ಬೀಸೋ ಅಟ್ಟ ಸಿಕ್ಕಿದ್ರೆ ಪೆಟ್ರೋಲೂ ಉಳಿತದೆ, ಹೊತ್ತೂ ಉಳಿತದೆ." ಸಮುದ್ರವನ್ನೇ ನೋಡದ ಮನುಷ್ಯ ಇದನ್ನೆಲ್ಲ ಹೇಳುತ್ತಿದ್ದಾರೆ. ನೋಡಬೇಕೆಂಬ ಆಸೆ ಇಲ್ಲವೇ ಎಂದರೆ, "ಬ್ಯಾಡ ಸ್ವಾಮಿ" ಎಂದು ಚಹಾ ಸೋಸುವುದಕ್ಕೆ ತಿರುಗುತ್ತಾರೆ.

ಶೆಡ್ಡು ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಇವರದೇ ಅವರೆ ಹೊಲವಿತ್ತು. ಬಯಲನ್ನು ಸರ್ಕಾರ ತೆಗೆದುಕೊಂಡಾಗ ಮಣ್ಣು ಹೊರುವ ಕೆಲಸಕ್ಕೆ ಸೇರಿದರು. ನಲವತ್ತೆರಡರಲ್ಲಿ ಶೆಡ್ಡು ಎದ್ದಿತು, ಬುಗ್ಗೆಗೆ ಗ್ಯಾಸು ತುಂಬುವ ಕೆಲಸ ಸಿಕ್ಕಿತು. ಕಬ್ಬಿಣದ ಪೀಪಾಯಿಗೆ ಕಾಸ್ಟಿಕ್ ಸೋಡಾ, ಅಲ್ಯೂಮಿನಿಯಂ ಚೂರು, ನೀರು ಹಾಕಿದರೆ ಒಳಗೆ ಕೊತಕೊತ ಕುದಿದು ಗ್ಯಾಸು ಹೊರಡುತ್ತದೆ. ಒಂದು ಸಲ ಪೀಪಾಯಿ ಉಕ್ಕಿ ಎಡಗೈ ಮೊಣಕೈವರೆಗೂ ಬೆಂದಿದೆ. ಇಪ್ಪತ್ತು ಗಜದ ಒಳಗೆ ಬೀಡಿ ಹಚ್ಚುವಂತಿಲ್ಲ. "ಅದೊಂದು ಒಳ್ಳೇದಾಯ್ತು, ಬೀಡಿ ಬಿಟ್ಟೋಯ್ತು" ಎನ್ನುತ್ತಾರೆ.

ದುರ್ಬೀನಿಗೆ ಬಂದದ್ದು ಕಣ್ಣಿನ ಬಲದಿಂದ. ದುರ್ಬೀನಿನಲ್ಲಿ ಬುಗ್ಗೆ ತಪ್ಪಿಹೋದಾಗಲೆಲ್ಲ ಈ ಗ್ಯಾಸು ತುಂಬುವವನು ಬರಿಗಣ್ಣಿನಲ್ಲೇ "ಅಗೋ ಅಲ್ಲೈತೆ" ಎಂದು ತೋರಿಸುವುದನ್ನು ಆಗಿನ ಆಫೀಸರು ನಾಲ್ಕು ದಿನ ನೋಡಿದರು. ಐದನೇ ದಿನ ಅಂಕಿ ಓದಲು ಕಲಿಸಿದರು. ಯುದ್ಧದ ಕಾಲದಲ್ಲಿ ದಿನಕ್ಕೆ ನಾಲ್ಕು ಬುಗ್ಗೆ, ಈಗ ಎರಡು. ಎಲ್ಲ ಸೇರಿ ಆರು ಸಾವಿರಕ್ಕೂ ಮಿಕ್ಕಿ ಬುಗ್ಗೆಗಳ ಬೆನ್ನು ಹತ್ತಿದ ಕಣ್ಣು ಅದು. ಸೂರ್ಯನ ಪಕ್ಕಕ್ಕೆ ಹೋದ ಬುಗ್ಗೆಯನ್ನೂ ಬಿಡದೆ ನೋಡಿದ್ದರ ಫಲವಾಗಿ ಬಲಗಣ್ಣಿಗೆ ಪೊರೆ ಬಂದಿದೆ. ಹೆಂಡತಿ ಚಿಕ್ಕಮುನಿಯಮ್ಮ ದಿನಾ ಸಂಜೆ ನಂದಿಬಟ್ಟಲ ಹೂವು ಕಣ್ಣ ಮೇಲಿಟ್ಟು ಬಟ್ಟೆ ಕಟ್ಟುತ್ತಾರೆ. ಈಗ ಎಡಗಣ್ಣಿನಲ್ಲೇ ಕೆಲಸ.

ಚಹಾ ಕುಡಿಯುವಾಗ ಆಫೀಸರು ಬಂದರು. ವರ್ಷದ ಹಿಂದೆ ವರ್ಗವಾಗಿ ಬಂದ ಒಳ್ಳೆಯ ಮನುಷ್ಯ. ಊರಿನ ಹೆಸರು ಕೂಗುವ ಪದ್ಧತಿಯನ್ನು ನಾನು ಮೆಚ್ಚಿಕೊಂಡಾಗ ಅವರಿಗೂ ಹುರುಪು ಬಂತು. "ಇದು ಯಾವ ರೂಲ್ ಪುಸ್ತಕದಲ್ಲೂ ಇಲ್ಲ ನೋಡಿ, ಪೂರ್ತಿ ಇವರದೇ ಬುದ್ಧಿ. ಬೇರೆ ಕಡೆಯೂ ಹೀಗೇ ಮಾಡಬಹುದು ಅಂತ ನಾನು ಮೇಲಕ್ಕೆ ಬರೆದಿದ್ದೇನೆ. ಇವರ ಹೆಸರೂ ಹಾಕಿದ್ದೇನೆ. ನೀವು ಇದನ್ನೇ ಮುಖ್ಯವಾಗಿ ಬರೀರಿ," ಎಂದು ಮುನಿಆಂಜನಪ್ಪನವರ ಬೆನ್ನು ತಟ್ಟಿ ಒಳಗೆ ಹೋದರು.

ಮುನಿಆಂಜನಪ್ಪ ಲೋಟ ಕೆಳಗಿಟ್ಟರು. ಆಮೇಲೆ ಅಂದರು, "ನನ್ನ ಹೊಗಳಿ ಬರೀಬೇಡಿ ಸ್ವಾಮಿ. ಬರೀಲೇಬೇಕು ಅಂದ್ರೆ ಆ ಪದ್ಧತಿ ಯಾಕೆ ಬಂತು ಅಂತಾನೂ ಬರೀಬೇಕು. ಅದಿಲ್ಲದೆ ಇದು ಬ್ಯಾಡ."

ಬಷೀರ್ ಸಾಹೇಬರು ಲೆಕ್ಕದಿಂದ ತಲೆ ಎತ್ತಿ ನೋಡಿದರು. ನಾಲ್ಕು ವರ್ಷ ಯಾರ ಹತ್ತಿರವೂ ಆಡದ ಮಾತನ್ನು ಮುನಿಆಂಜನಪ್ಪ ಆ ಬೆಳಿಗ್ಗೆ ನಮ್ಮಿಬ್ಬರ ಎದುರಿಗೆ ಆಡಿದರು.

ನಲವತ್ತನಾಲ್ಕರ ಅಕ್ಟೋಬರು. ಆಗ ಇವರ ಬೆನ್ನ ಹಿಂದೆ ಕೂತು ಬರೆಯುತ್ತಿದ್ದವರು ಆದಿನಾರಾಯಣ. ಹಲಸೂರಿನ ತಮಿಳು ಮನೆತನ, ಮನೆಯಲ್ಲಿ ಬುದ್ಧನ ಪಟ ಇಟ್ಟು ಪೂಜಿಸುವವರು. ಇವರಿಗಿಂತ ಎರಡು ವರ್ಷ ದೊಡ್ಡವರು. ಕನ್ನಡ ಚೆನ್ನಾಗಿ ಆಡುತ್ತಿದ್ದರು, ಆದರೆ ಬಾಯೊಳಗೆ ಎಣಿಸುವುದು ತಮಿಳಿನಲ್ಲಿ. ಇವರ ಬುತ್ತಿಯ ಮುದ್ದೆ ಅವರಿಗೆ, ಅವರು ತರುವ ಬನ್ನು ಇವರಿಗೆ. ಕೆಲಸದ ಹೊತ್ತಿನಲ್ಲಿ ಮಾತ್ರ ಇಬ್ಬರ ನಡುವೆ ಇಂಗ್ಲಿಷ್ ಅಂಕಿ ಬಿಟ್ಟು ಬೇರೆ ಮಾತಿಲ್ಲ. ಅದು ಆಫೀಸರು ಹಾಕಿದ ಕಟ್ಟಳೆ.

ಆ ದಿನ ಬೆಳ್ಳಂದೂರು ಕೆರೆಯಲ್ಲಿ ಒಂದು ನೀರ್ವಿಮಾನ ನಿಂತಿತ್ತು. ಇಲ್ಲಿ ದುರಸ್ತಿ ಮುಗಿಸಿಕೊಂಡು ಸಿಂಹಳಕ್ಕೆ ಹೊರಟದ್ದು. ಒಳಗೆ ಏಳು ಜನ. ಹಿಂದಿನ ದಿನದ ಮಳೆಗೆ ತಂತಿ ಕಡಿದು ಮದರಾಸಿನ ಗಾಳಿಯ ವರದಿ ಬಂದಿರಲಿಲ್ಲ. ಆಫೀಸರು ಜ್ವರದಲ್ಲಿ ಮಲಗಿದ್ದರು. ಮೋಡ ಕವಿದಿತ್ತು, ಬಿಳಿಯದು ಕಾಣುವುದಿಲ್ಲವೆಂದು ಕೆಂಪು ಬುಗ್ಗೆ ಬಿಟ್ಟರು. ಕೆಳಗಿನ ಗಾಳಿ ಬಡಗಣದಿಂದ ಮೆಲ್ಲಗೆ ಬೀಸುತ್ತಿತ್ತು. ಒಂಬತ್ತನೇ ನಿಮಿಷಕ್ಕೆ ಬುಗ್ಗೆ ಮೋಡದೊಳಗೆ ಹೋಯಿತು. ದುರ್ಬೀನಿನಲ್ಲಿ ಏನೂ ಇಲ್ಲ. ಶೆಡ್ಡಿನ ಟೆಲಿಫೋನು ಬಡಿದುಕೊಳ್ಳುತ್ತಲೇ ಇತ್ತು; ವಿಮಾನದವರು ಮೇಲಿನ ಗಾಳಿ ಎಷ್ಟು, ಬೇಗ ಹೇಳಿ ಎನ್ನುತ್ತಿದ್ದರು.

"ಆಗ ಮೋಡ ಒಂದು ಗೇಣು ಬಿರೀತು ಸ್ವಾಮಿ. ಬರಿಗಣ್ಣಿಗೆ ಕಾಣಿಸ್ತು. ಕೆಂಪಗೆ ಸಾಸಿವೆ ಕಾಳಿನಷ್ಟು. ಹಲಸೂರಿನ ಕಡೆ ಓಡ್ತಾ ಇತ್ತು. ಅಂದ್ರೆ ಗಾಳಿ ಮೂಡಣದಿಂದ ತಳ್ತಾ ಐತೆ. ದುರ್ಬೀನು ತಿರುಗಿಸೋ ಅಷ್ಟರಾಗೆ ಮೋಡ ಮುಚ್ಕೊಳ್ತು. ಅಂಕಿ ಸಿಗ್ಲಿಲ್ಲ. ಕಣ್ಣಲ್ಲಿ ಕಂಡಿದ್ದಷ್ಟೇ. ಅವಸರಕ್ಕೆ ಇಂಗ್ಲಿಷು ಬರ್ಲಿಲ್ಲ, ಮನೆ ಮಾತೇ ಬಂದ್ಬಿಡ್ತು. ಮೇಲ್ಗಾಳಿ! ತಿರುಗೈತೆ! ಜೋರೈತೆ, ಮೂವತ್ತು ಮೈಲಿ ಇರ್ತದೆ! ಅಂತ ಕೂಗ್ಬಿಟ್ಟೆ."

ಮೇಲ್ಗಾಳಿ ಎಂದರೆ ಮುನಿಆಂಜನಪ್ಪನವರ ಬಾಯಲ್ಲಿ ಮೇಲಿನ ಗಾಳಿ, ಎತ್ತರದಲ್ಲಿ ಬೀಸುವ ಗಾಳಿ. ಆದರೆ ತಮಿಳಿನಲ್ಲಿ ಮೇಲ್ ಎಂದರೆ ಪಡುವಣ ದಿಕ್ಕೂ ಹೌದು. ಮೇಲ್ಕಾತ್ತು ಎಂದರೆ ಪಡುವಣದಿಂದ ಬೀಸುವ ಗಾಳಿ. ಬೆನ್ನ ಹಿಂದೆ ಕೂತಿದ್ದ ಆದಿನಾರಾಯಣ ತಮ್ಮ ಮನೆ ಮಾತಿನಲ್ಲಿ ಅದನ್ನು ಕೇಳಿಸಿಕೊಂಡರು. ಪಡುವಣ ಗಾಳಿ, ಮೂವತ್ತು ಮೈಲಿ ಎಂದು ಟೆಲಿಫೋನಿನಲ್ಲಿ ಹೇಳಿದರು, ಹಾಗೆಯೇ ಬರೆದರು.

ತೆಂಕಣಕ್ಕೆ ಹೋಗುವ ವಿಮಾನ. ಪಡುವಣದ ಗಾಳಿ ತನ್ನನ್ನು ಮೂಡಣಕ್ಕೆ ತಳ್ಳುತ್ತದೆ ಎಂದು ನಂಬಿ ಮೂತಿಯನ್ನು ಪಡುವಣಕ್ಕೆ ಓರೆ ಮಾಡಿಕೊಂಡು ಹೋಯಿತು. ನಿಜವಾದ ಗಾಳಿಯೂ ಅದನ್ನು ಪಡುವಣಕ್ಕೇ ತಳ್ಳಿತು. ಕೆಳಗೆಲ್ಲ ಮೋಡ, ನೆಲ ಕಾಣಲಿಲ್ಲ. ನಾಲ್ಕು ಗಂಟೆ ಹಾರಿ ಮೋಡದ ಕೆಳಗಿಳಿದಾಗ ಸಿಂಹಳ ಇರಬೇಕಾದ ಕಡೆ ಬರೀ ಸಮುದ್ರ. ಪೆಟ್ರೋಲು ಮುಗಿಯುವ ತನಕ ಹುಡುಕಿ ಅಲೆಗಳ ಮೇಲೆ ಇಳಿದರು, ವಿಮಾನ ಒಡೆಯಿತು. ಮೂರನೇ ದಿನ ಒಂದು ಹಡಗಿಗೆ ಇಬ್ಬರು ಸಿಕ್ಕರು. ಉಳಿದ ಐವರು ಸಿಗಲಿಲ್ಲ. ಯುದ್ಧದ ಕಾಲ, ಪತ್ರಿಕೆಗಳಲ್ಲಿ ಒಂದು ಅಕ್ಷರವೂ ಬರಲಿಲ್ಲ.

ವಿಚಾರಣೆ ನಡೆಯಿತು. ಮೇಜಿನ ಮೇಲೆ ಇದ್ದದ್ದು ಆದಿನಾರಾಯಣನವರ ಕೈಬರಹದ ಒಂದು ಹಾಳೆ. "ಇವರು ವೆಸ್ಟ್ ಅಂದ್ರು, ನಾನು ವೆಸ್ಟ್ ಬರೆದೆ" ಎಂದರು ಆದಿನಾರಾಯಣ. ಕಿವಿಗೆ ಬಿದ್ದ ಮಾತು ತಲೆಯೊಳಗೆ ಆಗಲೇ ಇಂಗ್ಲಿಷಾಗಿ ಕೂತುಬಿಟ್ಟಿತ್ತು. ಮೂಲದ ಮಾತು ಅವರಿಗೇ ನೆನಪಿರಲಿಲ್ಲ. "ನಾನು ವೆಸ್ಟ್ ಅನ್ಲಿಲ್ಲ" ಎಂದರು ಮುನಿಆಂಜನಪ್ಪ. ಇಬ್ಬರೂ ತಮ್ಮ ಮಟ್ಟಿಗೆ ನಿಜವನ್ನೇ ಹೇಳಿದ್ದರು. ಹಾಗಾದರೆ ನೀನು ಏನೆಂದೆ ಎಂದು ವಿಚಾರಣೆಯವರು ಇವರನ್ನು ಕೇಳಿದರು.

"ಅಲ್ಲಿ ಸುಳ್ಳು ಹೇಳ್ಬಿಟ್ಟೆ ಸ್ವಾಮಿ. ಈಸ್ಟ್ ಅಂದೆ ಅಂದ್ಬಿಟ್ಟೆ. ನಾನು ಈಸ್ಟೂ ಅಂದಿರ್ಲಿಲ್ಲ, ವೆಸ್ಟೂ ಅಂದಿರ್ಲಿಲ್ಲ. ದಿಕ್ಕೇ ಹೇಳಿರ್ಲಿಲ್ಲ. ತಿರುಗೈತೆ ಅಂದಿದ್ದೆ ಅಷ್ಟೆ. ಕಣ್ಣಲ್ಲಿ ಕಂಡಿದ್ದು ಮೂಡಣ, ಬಾಯಲ್ಲೂ ಅದೇ ಅಂದಿರ್ತೀನಿ ಅಂತ ನಂಗೆ ನಾನೇ ಹೇಳ್ಕೊಂಡೆ. ಹೆದರಿಕೆ. ಐದು ಜನ ಸತ್ತವ್ರೆ, ಕೆಲಸ ಹೋಗೋದಿರ್ಲಿ, ಜೈಲಿಗೆ ಹಾಕ್ತಾರೆ ಅಂತ."

ಆದಿನಾರಾಯಣ ತಿರುಗಿ ಏನೂ ಅನ್ನಲಿಲ್ಲ. ಗೆಳೆಯ ಈಸ್ಟ್ ಅಂದೆ ಎಂದ ಮೇಲೆ ಅಂದೇ ಇರಬೇಕು, ನನ್ನ ಕಿವಿಯೇ ತಪ್ಪು ಮಾಡಿರಬೇಕು ಎಂದು ನಂಬಿಬಿಟ್ಟರು. "ಕೇಳಿಸಿಕೊಂಡು ಬರೆಯುವುದರಲ್ಲಿ ಘೋರ ಅಜಾಗರೂಕತೆ" ಎಂದು ದಾಖಲೆಯಲ್ಲಿ ಬರೆದು ಅವರನ್ನು ಕೆಲಸದಿಂದ ತೆಗೆದರು. ಹೊರಡುವಾಗ ಇವರ ಕೈ ಹಿಡಿದುಕೊಂಡು "ಮನ್ನಿಸಿಬಿಡಪ್ಪಾ" ಎಂದರಂತೆ. ಇದನ್ನು ಹೇಳುವಾಗ ಮುನಿಆಂಜನಪ್ಪ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡರು. ನನಗೂ ಬರೆದುಕೊಳ್ಳಲು ಆಗಲಿಲ್ಲ.

ಗೆಳೆಯ ಯಾಕೆ ಹಾಗೆ ಬರೆದ ಎಂಬುದು ಇವರಿಗೂ ಎಂಟು ತಿಂಗಳು ತಿಳಿಯಲಿಲ್ಲ. ತಿಳಿದದ್ದು ರಸೆಲ್ ಮಾರುಕಟ್ಟೆಯಲ್ಲಿ. ನಲವತ್ತೈದರ ಆಷಾಢ, ಗಾಳಿ ಜೋರಾಗಿತ್ತು. ಸೊಪ್ಪು ಮಾರುವ ತಮಿಳು ಹೆಂಗಸೊಬ್ಬಳು ಗೋಣಿತಾಟಿನ ಅಂಚಿಗೆ ಕಲ್ಲು ಹೇರುತ್ತ ಪಕ್ಕದವಳಿಗೆ, "ಮೇಲ್ಕಾತ್ತು ಅಡಿಕ್ಕುದು, ಮಳೈ ವರಾದು" ಎಂದಳು; ಮೇಲ್ಕಾತ್ತು ಬೀಸ್ತಾ ಇದೆ, ಮಳೆ ಬರಲ್ಲ ಎಂದು. ಮೇಲೆ ಬೀಸೋದೇನು, ನಮ್ಮ ಮುಖಕ್ಕೇ ಬೀಸ್ತಾ ಐತಲ್ಲ ತಾಯಿ ಎಂದು ಇವರು ತಮಾಷೆ ಮಾಡಿದರು. ಅವಳು ನಕ್ಕು, "ಮೇಲೆ ಅಲ್ಲಪ್ಪಾ, ಮೇಲ್ ಅಂದ್ರೆ ಮೇರ್ಕು. ಹೊತ್ತು ಮುಳುಗ್ತದಲ್ಲಾ, ಆ ಕಡೆ ಗಾಳಿ" ಎಂದು ಕೈ ತೋರಿಸಿದಳು.

"ಸೊಪ್ಪಿನ ಚೀಲ ಅಲ್ಲೇ ಬಿಟ್ಟು ಹೊರಟೆ ಸ್ವಾಮಿ. ಸೀದಾ ಹಲಸೂರಿಗೆ ನಡ್ಕೊಂಡು ಹೋದೆ. ಅವರ ಬೀದಿ ಮೂಲೆಗೆ ಬಂದೆ. ಆದಿನಾರಾಯಣ ಮೆಟ್ಟಿಲ ಮೇಲೆ ಕೂತಿದ್ದ. ಸೊರಗಿದ್ದ. ಹತ್ತು ಹೆಜ್ಜೆ. ಹೋಗಿ, ಅಣ್ಣಾ ನಿಂದಲ್ಲ ತಪ್ಪು, ನಾನೇ ದಿಕ್ಕು ಹೇಳ್ದೆ ಮನೆ ಮಾತಾಡ್ದೆ, ಆಮೇಲೆ ಸುಳ್ಳೂ ಹೇಳ್ದೆ ಅಂದಿದ್ರೆ ಮುಗೀತಿತ್ತು. ಕಾಲು ಬರ್ಲಿಲ್ಲ. ನಾಳೆ ಹೇಳ್ತೀನಿ ಅಂದ್ಕೊಂಡು ವಾಪಸ್ ಬಂದ್ಬಿಟ್ಟೆ."

ಮಾರನೆಯ ದಿನದಿಂದಲೇ ಶೆಡ್ಡಿನಲ್ಲಿ ಊರಿನ ಹೆಸರು ಕೂಗುವುದು ಶುರುವಾಯಿತು. ಕನ್ನಡದವನಿಗೆ ಮೇಲು ಒಂದು, ತಮಿಳಿನವನಿಗೆ ಇನ್ನೊಂದು, ಸಾಬರಿಗೆ ಮತ್ತೊಂದು. ಹಲಸೂರು ಮಾತ್ರ ಎಲ್ಲರಿಗೂ ಹಲಸೂರೇ. ಹಾಗೆ ಶುರುವಾದದ್ದು ಬುದ್ಧಿವಂತಿಕೆಯಿಂದಲ್ಲ. ಗೆಳೆಯನಿಗೆ ಹೇಳಬೇಕಾದ ಮಾತನ್ನು ಹೇಳಲಾರದೆ ಈ ಮನುಷ್ಯ ದಿನಕ್ಕೆ ಎರಡು ಸಲ ಆಕಾಶ ನೋಡಿಕೊಂಡು ಕೂಗುತ್ತಿದ್ದರು, ಅಷ್ಟೇ. ನಲವತ್ತಾರರ ಕೊನೆಯಲ್ಲಿ ಆದಿನಾರಾಯಣ ತೀರಿಕೊಂಡರು. ಮಣ್ಣಿಗೂ ಇವರು ಹೋಗಲಿಲ್ಲ.

ನನಗೆ ಸಿಟ್ಟು ಬಂತು ಎಂದು ಬರೆಯಲೇಬೇಕು. ಹತ್ತು ಹೆಜ್ಜೆ ನಡೆಯಲಾಗಲಿಲ್ಲವೇ ಎಂದು ಬಾಯಿಬಿಟ್ಟು ಕೇಳಿದೆ. ಕೇಳಿದ ಮೇಲೆ ನನ್ನ ಬದುಕಿನಲ್ಲೂ ಅಂಥ ಹತ್ತು ಹೆಜ್ಜೆಗಳು ಎಷ್ಟು ಬಾಕಿ ಇವೆ ಎಂದು ನೆನಪಾಗಿ ನಾಚಿಕೆಯಾಯಿತು. ಮುನಿಆಂಜನಪ್ಪ ತಲೆ ತಗ್ಗಿಸಿ, "ಅದಕ್ಕೇ ಬರೀರಿ ಅಂದಿದ್ದು" ಎಂದರು.

ಅವತ್ತೇ ಮಧ್ಯಾಹ್ನ ಬಷೀರ್ ಸಾಹೇಬರ ಕೈಲಿ ಒಂದು ಅರ್ಜಿ ಬರೆಸಿದರು. ತಪ್ಪು ತನ್ನದು, ವಿಚಾರಣೆಯಲ್ಲಿ ಹೇಳಿದ್ದು ಸುಳ್ಳು, ಆದಿನಾರಾಯಣನವರ ಹೆಸರಿನ ಮುಂದೆ ಬರೆದಿರುವ ಮಾತನ್ನು ಹೊಡೆದುಹಾಕಬೇಕು ಎಂದು. ಬಷೀರ್ ಸಾಹೇಬರು ಬರೆಯುತ್ತ ಬರೆಯುತ್ತ ಒಂದು ಕಡೆ ಲೇಖನಿ ನಿಲ್ಲಿಸಿ, "ಭಾಯಿ, ಇನ್ನೊಂದು ದಫಾ ಯೋಚನೆ ಮಾಡಿ. ಕಣ್ಣು ಹಿಂಗಿದೆ, ಕೆಲಸ ಹೋದ್ರೆ ಇನ್ನೆಲ್ಲಿ ಸಿಗ್ತದೆ?" ಎಂದರು. "ನೀವು ಬರೀರಿ ಸಾಹೇಬ್ರೆ" 
ಎಂದು ಇವರು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳದೆ, ಅಕ್ಷರ ಕೂಡಿಸಿಕೂಡಿಸಿ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಆಫೀಸರು ಅರ್ಜಿ ಓದಿ ಕೆಳಗೆ ತಮ್ಮ ರುಜು ಹಾಕಿದರು. ಅದು ಮೇಲಕ್ಕೆ ಹೋಗಿದೆ. ಈ ಬರಹ ಅಚ್ಚಿಗೆ ಹೋಗುವ ತನಕ ಉತ್ತರ ಬಂದಿಲ್ಲ.

ಪತ್ರಿಕೆಯಲ್ಲಿ ಬಂದರೆ ಆದಿನಾರಾಯಣನ ಹೆಂಡತಿಗೆ ತಾನಾಗಿ ತಿಳಿಯುತ್ತದೆ ಎಂದು ಮುನಿಆಂಜನಪ್ಪ ನಂಬಿದ್ದರು. ಆಕೆಗೆ ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದೆ. ಇಲ್ಲ, ಯಾವುದನ್ನೂ ಓದಲು ಬರುವುದಿಲ್ಲ. "ಹಾಗಾದರೆ ನೀವೇ ಹೇಳಬೇಕು, ನಾನು ಜೊತೆಗೆ ಬರ್ತೀನಿ" ಎಂದೆ. ಕಳೆದ ಭಾನುವಾರ ಮಧ್ಯಾಹ್ನ ಇಬ್ಬರೂ ಹಲಸೂರಿಗೆ ಹೋದೆವು. ಬೀದಿಯ ಮೂಲೆಯಲ್ಲಿ ಅವರು ಒಂದು ಗಳಿಗೆ ನಿಂತರು. ಆಮೇಲೆ ನನಗಿಂತ ಮುಂದೆ ನಡೆದರು.

ಆದಿನಾರಾಯಣನವರ ಹೆಂಡತಿ ಶಾಂತಕುಮಾರಿ ಕಾಕ್ಸ್ ಟೌನಿನ ಒಂದು ಬೇಕರಿಯಲ್ಲಿ ಬನ್ನು ಬಿಸ್ಕತ್ತು ಕಟ್ಟುವ ಕೆಲಸ ಮಾಡುತ್ತಾರೆ. ಒಂದೇ ಕೋಣೆಯ ಮನೆ. ಬುದ್ಧನ ಪಟ, ಪಕ್ಕದಲ್ಲಿ ಆದಿನಾರಾಯಣನವರ ಪಟ. ಇವರನ್ನು ಕಂಡು "ಬನ್ನಿ ಅಣ್ಣಾ, ಎಷ್ಟು ವರ್ಷ ಆಯ್ತು" ಎಂದು ಚಾಪೆ ಹಾಸಿದರು. ಮುನಿಆಂಜನಪ್ಪ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು. ಮೇಲ್ಗಾಳಿ ಎಂದದ್ದು, ಸುಳ್ಳು ಹೇಳಿದ್ದು, ಬೀದಿಯ ಮೂಲೆಗೆ ಬಂದು ವಾಪಸು ಹೋದದ್ದು, ಒಂದನ್ನೂ ಬಿಡಲಿಲ್ಲ.

ಶಾಂತಕುಮಾರಿ ಅಳಲಿಲ್ಲ, ಬೈಯಲೂ ಇಲ್ಲ. "ಮೇಲ್ಕಾತ್ತು," ಎಂದು ಒಂದು ಸಲ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಮಾತಾಡಿದರು.

"ಎರಡು ವರ್ಷ ಅಣ್ಣಾ. ದಿನಾ ಸಾಯಂಕಾಲ ನಾನು ಬೇಕರಿಯಿಂದ ಬರೋದನ್ನೇ ಕಾಯ್ತಾ ಇರೋರು. ಅವ್ರು ಸ್ಲೇಟು ಹಿಡ್ಕೊಂಡು ಗೋಡೆ ಕಡೆ ತಿರುಗಿ ಕೂತ್ಕೊಳ್ಳೋದು. ನಾನು ಬೀದಿ ಆ ಕೊನೇಲಿ ನಿಂತು ಏನಾದ್ರೂ ಹೇಳ್ಬೇಕು, ಅವ್ರು ಕೇಳಿಸಿದ್ದನ್ನ ಸ್ಲೇಟಲ್ಲಿ ಬರ್ಕೊಳ್ಳೋದು. ಮೆಲ್ಲಗೆ ಹೇಳು ಶಾಂತಾ, ಇನ್ನೂ ಮೆಲ್ಲಗೆ ಅನ್ನೋರು. ನನ್ ಕಿವಿ ಎಲ್ಲಿ ಕೆಟ್ಟೈತೆ ಅಂತ ಗೊತ್ತಾಗ್ಬೇಕು ಅನ್ನೋರು. ನಾನು ಬಂದು, ಹೇಳಿದ್ದನ್ನ ಇನ್ನೊಂದ್ಸಲ ಹೇಳೋದು, ಅವ್ರು ಸ್ಲೇಟು ನೋಡೋದು. ಒಂದು ದಿನಾನೂ ತಪ್ಪಲಿಲ್ಲ. ಎಲ್ಲಾ ಸರಿಯಾಗಿರ್ತಿತ್ತು. ಸರಿಯಾಗಿದ್ರೆ ಅಳೋರು. ಇವತ್ತು ಕೇಳಿಸ್ತದೆ, ಅವತ್ತು ಮಾತ್ರ ಯಾಕೆ ಕೇಳಿಸ್ಲಿಲ್ಲ ಅಂತ."

ಮುನಿಆಂಜನಪ್ಪ ಚಾಪೆಯ ಅಂಚಿಗೆ ಕೂತರು. "ಅವತ್ತೂ ಸರಿಯಾಗೇ ಕೇಳಿಸ್ಕೊಂಡಿದ್ದ ಅಕ್ಕಾ. ನಾನಂದ ಮಾತನ್ನೇ ಕೇಳಿಸ್ಕೊಂಡಿದ್ದ."

"ಅದನ್ನ ನಾನೀಗ ಯಾರ್ಗೆ ಹೇಳ್ಲಿ ಅಣ್ಣಾ?" ಎಂದರು ಶಾಂತಕುಮಾರಿ.

ಬೀದಿಯಲ್ಲಿ ಯಾರೋ ನೀರಿಗೆ ಕೊಡ ಇಟ್ಟು ಜಗಳವಾಡುತ್ತಿದ್ದರು. ಹೊರಡುವ ಹೊತ್ತಾಯಿತು ಎಂದು ನಾನು ಎದ್ದೆ. ಆಗ ಆಕೆ ಮುನಿಆಂಜನಪ್ಪನವರನ್ನು ನೋಡದೆ ನನ್ನನ್ನು ಕೇಳಿದರು.

"ನೀವು ಪೇಪರಲ್ಲಿ ಬರೀತೀರಾ ಸಾರ್?"

ಬರೆಯುತ್ತೇನೆ ಎಂದೆ. ಏನು ಬರೆಯಲಿ ಎಂದು ಕೇಳಿದೆ.

"ಬೇರೆ ಏನಾದ್ರೂ ಬರ್ಕೊಳ್ಳಿ. ಅವ್ರ ಕಿವಿ ಚೆನ್ನಾಗಿತ್ತು ಅಂತ ಒಂದು ಮಾತು ಹಾಕಿ. ನಂಗೆ ಓದಕ್ಕೆ ಬರಲ್ಲ. ಪೇಪರು ತಗೊಂಡು ಅಣ್ಣ ಬರ್ಲಿ. ಅವ್ರ ಪಟದ ಮುಂದೆ ಕೂತ್ಕೊಂಡು ಅಣ್ಣನೇ ಓದಿ ಹೇಳ್ಲಿ."

ಮುನಿಆಂಜನಪ್ಪ ಆಗಲಿ ಎಂದರು. ಈ ಪುರವಣಿ ಅಚ್ಚಾಗಿ ಬಂದ ದಿನ ಬೆಳಗಿನ ಬುಗ್ಗೆ ಬಿಟ್ಟು, ಗಾಳಿಯ ವರದಿ ಕಳಿಸಿ, ಅವರು ಹಲಸೂರಿಗೆ ನಡೆದು ಹೋಗುತ್ತಾರೆ. ಒಂದೇ ಕಣ್ಣಿನಲ್ಲಿ ಅಕ್ಷರ ಕೂಡಿಸಿಕೊಂಡು ಓದುವವರು ಅವರು. ಅದಕ್ಕಾಗಿ ಕೊನೆಯ ಸಾಲನ್ನು ಚಿಕ್ಕದಾಗಿ ಬರೆದಿದ್ದೇನೆ.

ಆದಿನಾರಾಯಣನ ಕಿವಿ ಚೆನ್ನಾಗಿತ್ತು.